ಬೆಟ್ಟ ಓಡಿದ್ದು ಯಾರು?

ಚಾಮುಂಡಿ ಬೆಟ್ಟಕ್ಕೆ ಓಡಿ ಹತ್ತಿದೆ ಅಂತ ಯಾರಾದರೂ ಹೇಳಿದರೆ ಮೈಸೂರಿನವರು ತಕ್ಷಣ ಕೇಳುವ ಪ್ರಶ್ನೆ ಒಂದೇ: "ಎಷ್ಟನೇ ಮೆಟ್ಟಿಲವರೆಗೆ?"

ಬೆಟ್ಟಕ್ಕೆ ಹೋಗಿ ಬಂದ ಮೇಲೆ ಹೋಟೆಲಿನಲ್ಲಿ ಕಾಫಿಗೆ ಕೂತ ನಮ್ಮ ಗುಂಪಿನಲ್ಲೂ ಅದೇ ಜಗಳ. ವಾಚಪ್ಪ ತನ್ನ ಮಣಿಕಟ್ಟು ತೋರಿಸಿ ಶುರು ಮಾಡಿದ. ಅವನ ಅಸಲಿ ಹೆಸರು ಬೇರೆ. ಓಡಿದ ದೂರ ಅಳೆಯುವ ಜಿಪಿಎಸ್ ವಾಚ್ ಕಟ್ಟಿಕೊಂಡ ಮೇಲೆ ಅದನ್ನು ಯಾರೂ ಬಳಸುತ್ತಿಲ್ಲ.

"ನೋಡ್ರಯ್ಯಾ, ಇದರಲ್ಲಿ 'ಟ್ರೇಲ್ ರನ್' ಅಂತ ಬಂದಿದೆ. ಅಂದ್ರೆ ಬೆಟ್ಟ-ಕಾಡಿನ ದಾರಿಯ ಓಟ."

"ಆ ಬಟನ್ ಒತ್ತಿದ್ದು ಯಾರು?" ಪುಟ್ಟಿ ಕೇಳಿದಳು.

"ನಾನೇ."

"ಈಜು ಅಂತ ಒತ್ತಿದ್ರೆ ಈಜು ಅಂತ ಬರ್ತಿತ್ತು. ನೀನು ಐವತ್ತು ಮೆಟ್ಟಿಲು ಓಡಿದೆ. ಆಮೇಲೆ ಮಂಡಿ ಮೇಲೆ ಕೈ ಇಟ್ಟುಕೊಂಡು ನಡೆದೆ. ನಾನು ಹಿಂದೇನೇ ಇದ್ದೆ."

ವಾಚಪ್ಪನಿಗೆ ಅವಮಾನವಾಗಲಿಲ್ಲ. ಅವನ ಹತ್ತಿರ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಯುರೋಪಿನಲ್ಲಿ ವರ್ಟಿಕಲ್ ಕಿಲೋಮೀಟರ್ ಅಂತ ಒಂದು ಪಂದ್ಯ ಇದೆಯಂತೆ. ಹೆಚ್ಚೆಂದರೆ ಐದು ಕಿಲೋಮೀಟರ್ ದೂರದೊಳಗೆ 1000 ಮೀಟರ್ ಎತ್ತರ ಏರಬೇಕು. ಅಲ್ಲಿ ದೊಡ್ಡ ದೊಡ್ಡ ಓಟಗಾರರೂ ಕಡಿದಾದ ಕಡೆ ಮಂಡಿ ಮೇಲೆ ಕೈ ಊರಿ ನಡೆಯುತ್ತಾರೆ. ಏರು ಒಂದು ಮಿತಿ ದಾಟಿದ ಮೇಲೆ ಓಡುವುದಕ್ಕಿಂತ ನಡೆಯುವುದರಲ್ಲೇ ಶಕ್ತಿ ಉಳಿಯುತ್ತದೆ. ಇದು ನಿಜ, ನಾನೂ ಒಪ್ಪುತ್ತೇನೆ. ಆದರೆ ಅವರು ಆ ಮಿತಿ ಬಂದ ಮೇಲೆ ನಡೆಯುತ್ತಾರೆ. ನಮ್ಮವನು ಪಾದದ ಹತ್ತಿರ ಎಳನೀರಿನ ಗಾಡಿ ಕಣ್ಮರೆಯಾದ ಕೂಡಲೇ ನಡೆಯುತ್ತಾನೆ.

"ನಮ್ಮ ಬೆಟ್ಟ ಎಷ್ಟು ಎತ್ತರ ಅಂತ ಗೊತ್ತೇನೋ?" ಮೇಷ್ಟ್ರು ಬಾಯಿ ಹಾಕಿದರು. "ಸಮುದ್ರಮಟ್ಟದಿಂದ 1000 ಮೀಟರಿಗಿಂತ ಸ್ವಲ್ಪ ಜಾಸ್ತಿ."

"ಹಾಗಾದ್ರೆ ನಾನೂ ವರ್ಟಿಕಲ್ ಕಿಲೋಮೀಟರ್ ಮಾಡಿದ ಹಾಗೇ ಆಯ್ತಲ್ಲ ಮೇಷ್ಟ್ರೇ!"

"ಆಗಲಿಲ್ಲ. ಮೈಸೂರೇ 750 ಮೀಟರಿಗಿಂತ ಮೇಲಿದೆ. ನೀನು ಹುಟ್ಟಿದಾಗಲೇ ಮುಕ್ಕಾಲು ಭಾಗ ಹತ್ತಿದ್ದೆ. ಉಳಿದದ್ದು ಸುಮಾರು 300 ಮೀಟರ್. ಮೂರು ಸಲ ಹತ್ತಿ, ಮೇಲೊಂದಿಷ್ಟು ಸೇರಿಸು. ಆಮೇಲೆ ಬಾ."

ಮಾತು ಮೆಟ್ಟಿಲಿಗೆ ತಿರುಗಿತು. ಸಾವಿರ ಅಂದಳು ಪುಟ್ಟಿ. 1008 ಅಂದ ವಾಚಪ್ಪ. ಎಣಿಸಿದವರೆಲ್ಲ ಬೇರೆ ಬೇರೆ ಲೆಕ್ಕ ಹೇಳುತ್ತಾರೆ, ಏಕೆಂದರೆ ಮುನ್ನೂರರ ಮೇಲೆ ಎಣಿಸಲು ಉಸಿರೇ ಉಳಿದಿರುವುದಿಲ್ಲ. ಕಟ್ಟಿಸಿದ್ದು ದೊಡ್ಡದೇವರಾಜ ಒಡೆಯರು, 17ನೇ ಶತಮಾನದಲ್ಲಿ. ಭಕ್ತರಿಗಾಗಿ ಕಟ್ಟಿಸಿದ್ದು, ಇದನ್ನು ಮಾತ್ರ ಓಟಗಾರರು ಮರೆಯಬಾರದು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅದನ್ನು ತುಳಿಯದೆ ಓಡಬೇಕು. ಹಾಗಾಗಿ ಬೆಂಗಳೂರಿಂದ ಬಂದಿದ್ದ ನಮ್ಮ ಐಟಿ ಗೆಳೆಯ ಕುಂಟೆಬಿಲ್ಲೆ ಆಡುತ್ತಾ ಮೇಲೇರಿದ.

ಅವನ ವೇಷ ಬೇರೆ ಹೇಳಬೇಕು. ಬೆನ್ನಿಗೆ ನೀರಿನ ಚೀಲ, ಅದರಿಂದ ಬಾಯಿಗೆ ಪೈಪು, ಜೇಬಲ್ಲಿ ಓಟಗಾರರು ಶಕ್ತಿಗೆ ಅಂತ ತಿನ್ನುವ ಜೆಲ್ಲು. ಕಾಲಿಗೆ ಮುಳ್ಳುಮುಳ್ಳು ತಳದ ಟ್ರೇಲ್ ಶೂ.

"ಆ ಶೂ ಎಷ್ಟಪ್ಪಾ?" ಮೇಷ್ಟ್ರು ಕೇಳಿದರು.

ಅವನು ಹೇಳಿದ. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಅವರು ಮೊದಲು ಕೊಂಡ ಸ್ಕೂಟರಿನ ಬೆಲೆಯಂತೆ.

ಮಜಾ ಏನೆಂದರೆ ಆ ಮುಳ್ಳು ಕಚ್ಚಿಕೊಳ್ಳುವುದು ಮಣ್ಣನ್ನು. ತಲೆಮಾರುಗಟ್ಟಲೆ ಜನ ತುಳಿದು ನುಣುಪಾದ ಕಲ್ಲಿಗೆ, ಅದರಲ್ಲೂ ಇಬ್ಬನಿ ಬಿದ್ದ ಕಲ್ಲಿಗೆ, ಅದು ಏನೂ ಕಚ್ಚುವುದಿಲ್ಲ. ಬರಿಗಾಲಲ್ಲಿ ಹತ್ತುವ ಹೆಂಗಸರು ಅವನ ಪಕ್ಕದಲ್ಲೇ ಆರಾಮಾಗಿ ದಾಟಿ ಹೋದರು. ಜೆಲ್ಲನ್ನು ಒಂದು ಕೋತಿ ಕಿತ್ತುಕೊಂಡು ತಿಂದಿತು. ಆ ದಿನ ಬೆಟ್ಟವನ್ನು ನಿಜವಾಗಿ ಓಡಿ ಹತ್ತಿದ್ದು ಆ ಕೋತಿಯೇ ಅನ್ನುವುದು ಪುಟ್ಟಿಯ ವಾದ.

700ನೇ ಮೆಟ್ಟಿಲ ಹತ್ತಿರ ನಂದಿ. ಒಂದೇ ಕಲ್ಲಿನ ಆ ದೊಡ್ಡ ವಿಗ್ರಹವನ್ನೂ ದೊಡ್ಡದೇವರಾಜರೇ ಮಾಡಿಸಿದ್ದು. ಜಾಗ ಆರಿಸಿದವರಿಗೆ ಕೈ ಮುಗಿಯಬೇಕು. ಸರಿಯಾಗಿ ಪ್ರಾಣ ಹೋಗುವ ಕಡೆ ದೇವರು ಕೂತಿದ್ದಾನೆ. ನಿಂತರೆ ಸುಸ್ತು ಅನ್ನುವುದಿಲ್ಲ, ಭಕ್ತಿ ಅನ್ನುತ್ತಾರೆ. ವಾಚಪ್ಪ ಮೂರು ಪ್ರದಕ್ಷಿಣೆ ಹಾಕಿ ಅದನ್ನೂ ಕಿಲೋಮೀಟರಿಗೆ ಸೇರಿಸಿಕೊಂಡ.

ತುದಿಯ ನೋಟದ ವಿಷಯದಲ್ಲಾದರೂ ಒಮ್ಮತ ಇರಬಹುದು ಅಂದುಕೊಂಡಿರಾ? ಇಲ್ಲ. ಅರಮನೆಯ ಗುಮ್ಮಟ, ಕಾರಂಜಿ ಕೆರೆ, ಬೆಳ್ಳಗೆ ಹೊಳೆಯುವ ಲಲಿತಮಹಲ್, ಇಷ್ಟರವರೆಗೆ ಎಲ್ಲರೂ ಸರಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆ ಹುಡುಕುತ್ತಾರೆ. ದೂರದಲ್ಲಿ ಏನೋ ಮಿನುಗಿದರೆ ಐಟಿಯವನು "ಕೆಆರ್‌ಎಸ್!" ಅಂತ ಕೂಗುತ್ತಾನೆ. ಅದು ಯಾವುದೋ ಗೋದಾಮಿನ ತಗಡು ಅನ್ನುತ್ತಾರೆ ಮೇಷ್ಟ್ರು. ಕುದುರೆ ಓಡುವ ರೇಸ್ ಕೋರ್ಸಿನ ಮೊಟ್ಟೆಯಾಕಾರದ ಸುತ್ತು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

"ಅಲ್ಲಿ ನೋಡು," ಪುಟ್ಟಿ ವಾಚಪ್ಪನಿಗೆ ತೋರಿಸಿದ್ದಳು, "ಅಲ್ಲಿ ಓಡುವವರು ಓಡ್ತೀನಿ ಅಂತ ಹೇಳಿಕೊಳ್ಳೋದಿಲ್ಲ."

ಚಳಿಗಾಲದ ಬೆಳಗ್ಗೆ ಹೋದರೆ ಈ ಜಗಳವೂ ಇಲ್ಲ. ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ನೋಟ ಅತ್ಯದ್ಭುತ ಅಂತ ಸ್ಟೇಟಸ್ ಹಾಕುವುದು ವಾಡಿಕೆ.

ಹೋಟೆಲಿನಲ್ಲಿ ಇಷ್ಟೆಲ್ಲ ಮಾತಾಗುವವರೆಗೆ ಸುಮ್ನೆ ಕೂತಿದ್ದವನು ಗುಂಡಣ್ಣ. ಅವತ್ತು ಅವನು 201 ನಂಬರಿನ ಸಿಟಿ ಬಸ್ಸಿನಲ್ಲಿ ಮೇಲೆ ಬಂದಿದ್ದ. ಅದೂ ಕಿಟಕಿ ಸೀಟು. ದರ್ಶನ ಮುಗಿಸಿ, ಮಹಿಷಾಸುರನ ಮುಂದೆ ಫೋಟೋ ತೆಗೆಸಿಕೊಂಡು, ನಮಗಾಗಿ ಕಾಯುತ್ತಿದ್ದ.

"ಒಂದು ಕೇಳಲಾ?" ಅಂದ ಈಗ. "ಹತ್ತುವಾಗ ನೀವ್ಯಾರೂ ಓಡಲಿಲ್ಲ. ಇಳಿಯುವಾಗ ವಾಚಪ್ಪ ಮಂಡಿ ಅಂದ, ಪುಟ್ಟಿ ಹುಷಾರು ಅಂದಳು, ಈ ಬೆಂಗಳೂರಿನವನು ಕೂತು ಕೂತು ಇಳಿದ. ಮೇಲಿಂದ ಪಾದದವರೆಗೆ ಒಂದೇ ಸಮನೆ ಓಡಿದ್ದು ಯಾರು?"

ಯಾರೂ ಉಸಿರೆತ್ತಲಿಲ್ಲ. ನಿಜ, ಅವನೇ. ಕೋತಿಗಳೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದವು.

"ನಿಯಮದ ಪ್ರಕಾರ ಗುಂಡಣ್ಣನೇ ಓಟಗಾರ," ಮೇಷ್ಟ್ರು ತೀರ್ಪು ಕೊಟ್ಟರು.

"ಬಸ್ಸಲ್ಲಿ ಬಂದವನಾ?" ವಾಚಪ್ಪ ಎದ್ದೇ ನಿಂತ.

"ನಿನ್ನ ವಾಚಿನಲ್ಲಿ ಬಸ್ಸಿಗೆ ಬಟನ್ ಇಲ್ಲ ಅಲ್ವಾ? ಮುಗೀತು."

ಆದರೆ ಇಳಿಜಾರಿನ ಓಟಕ್ಕೆ ಒಂದು ಸಾಲ ಇರುತ್ತದೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರಲ್ಲಿ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು ಜಾಸ್ತಿ. ನೋವು ಅವತ್ತೇ ಬರುವುದಿಲ್ಲ. ಒಂದೆರಡು ದಿನ ಬಿಟ್ಟು, ಬಡ್ಡಿ ಸಮೇತ ಬರುತ್ತದೆ. ನಾವು ಈ ಹರಟೆಗೆ ಕೂತದ್ದು ಓಟದ ಮೂರನೆಯ ದಿನ. ಹೋಟೆಲು ಇರುವುದು ಮೊದಲನೇ ಮಹಡಿಯಲ್ಲಿ.

ಬಿಲ್ ಕೊಟ್ಟಾಯಿತು. ನಾವೆಲ್ಲ ಎದ್ದೆವು. ಗುಂಡಣ್ಣ ಟೇಬಲ್ ಹಿಡಿದು ಅರ್ಧ ಎದ್ದ, ಮೆಟ್ಟಿಲ ಕಡೆ ಒಮ್ಮೆ ನೋಡಿದ, ಮತ್ತೆ ಕೂತ.

"ನೀವು ಹೊರಡಿ," ಅಂದ. "ನನಗೆ ಇನ್ನೊಂದು ಕಾಫಿ ಬೇಕು."

"ಗುಂಡಣ್ಣಾ, ಇದು ನಾಲ್ಕನೇದು."

"ಊಟದ ಹೊತ್ತೂ ಆಗ್ತಾ ಬಂತು. ಇಲ್ಲೇ ಮುಗಿಸ್ತೀನಿ ಬಿಡಿ."