ಹಳೇ ಲ್ಯಾಗಿಂಗ್ ಧೂಳು: ತಪಾಸಣೆ, ಕಾಗದ, ಪರಿಹಾರದ ಅರ್ಜಿ

ಅಡ್ಮಿನ್, 2ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ಬಡಾವಣೆ ಹಿಂದಿನ ನಾಲಾ ಪಕ್ಕ ಯಾರೋ ತಂದು ಸುರಿದ ಹಳೇ ಪೈಪ್ ಲ್ಯಾಗಿಂಗ್ (ಉಗಿ ಪೈಪಿನ ಶಾಖ ತಡೆಯುವ ಹೊದಿಕೆ) ಚೀಲಗಳು ಹರಿದಿವೆ, ಅದು ಆಸ್ಬೆಸ್ಟಾಸ್ ಎಂಬ ಖನಿಜ ನಾರಿನದಿರಬಹುದು. ಇದೇ ಧೂಳಿನಲ್ಲಿ ವಿದ್ಯುತ್ ಸ್ಥಾವರದೊಳಗೆ ವರ್ಷಗಟ್ಟಲೆ ದುಡಿದವರು ನಮ್ಮ ಪ್ರತಿ ಕ್ರಾಸ್‌ನಲ್ಲೂ ಇದ್ದಾರೆ. ಹಲವರಿಗೆ ಈಗ ಮೆಟ್ಟಿಲು ಹತ್ತಿದರೆ ದಮ್ಮು. ಚೀಲದ ವಿಷಯ, ಪರಿಹಾರದ ವಿಷಯ ಎರಡನ್ನೂ ಇಲ್ಲೇ ಮಾತಾಡೋಣ. ಗೊತ್ತಿದ್ದವರು ಗೊತ್ತಿದ್ದಷ್ಟನ್ನು ಖಚಿತವಾಗಿ ಬರೆಯಿರಿ.

ಬಾಯ್ಲರ್ ಮೇಂಟೆನೆನ್ಸ್ (ನಿವೃತ್ತ), 5ನೇ ಕ್ರಾಸ್
ಮೊದಲು ಚೀಲದ ಮಾತು. ಯಾರೂ ಕಸಬರಿಗೆ ಹಚ್ಚಬ್ಯಾಡ್ರಿ, ಬೆಂಕಿನೂ ಹಾಕಬ್ಯಾಡ್ರಿ. ಆಸ್ಬೆಸ್ಟಾಸ್ ಸುಡೂದಿಲ್ಲ, ಚೀಲ ಸುಟ್ಟು ಒಳಗಿನ ಎಳೆ ಗಾಳಿಗೆ ಏಳ್ತದ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿ ಸಣ್ಣ ಹನಿಯಾಗಿ ಸಿಂಪಡಿಸ್ರಿ. ಬರೇ ನೀರು ಎಳೆಯೊಳಗ ಇಳಿಯೂದಿಲ್ಲ, ಪೈಪ್ ಹಿಡಿದು ಜೋರಾಗಿ ಬಿಟ್ಟರೆ ಹರಡ್ತದ. ಮ್ಯಾಲೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಇಡ್ರಿ. ಮಕ್ಕಳನ್ನ ಆ ಕಡೆ ಬಿಡಬ್ಯಾಡ್ರಿ. ಬಟ್ಟೆ ಮಾಸ್ಕ್ ಕಟ್ಟಿಕೊಂಡರ ಏನೂ ಉಪಯೋಗ ಇಲ್ಲ.

ಕಣ್ಣಿಗೆ ನೋಡಿ ಇದು ಆಸ್ಬೆಸ್ಟಾಸೋ, ಕಲ್ಲು ಕರಗಿಸಿ ಮಾಡಿದ ರಾಕ್‌ವೂಲೋ ಅಂತ ಹೇಳಲಿಕ್ಕೆ ಬರೂದಿಲ್ಲ. ಪೋಲರೈಸ್ಡ್ ಲೈಟ್ ಸೂಕ್ಷ್ಮದರ್ಶಕದ ಪರೀಕ್ಷೆ ಬೇಕು. ನಾವೇ ಚೂರು ಒಯ್ದು ಪರೀಕ್ಷೆ ಮಾಡಿಸಿದರ "ಇದು ಅಲ್ಲಿಯದಲ್ಲ" ಅಂತಾರ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಅಧಿಕಾರಿಗೆ ಫೋಟೊ, ತಾರೀಖು, ಜಾಗದ ಗುರುತು ಸಮೇತ ಲಿಖಿತ ದೂರು ಕೊಟ್ಟು, ಅವರ ಕೈಯಿಂದನೇ ಮಹಜರು ಮಾಡಿಸಿ ಮಾದರಿ ತೆಗೆಸಬೇಕು.

7ನೇ ಕ್ರಾಸ್ ನಿವಾಸಿ
ಅಣ್ಣಾರೆ, ಲ್ಯಾಗಿಂಗ್ ಕೆಲಸ ಮಾಡಿದವರಿಗೆ ಮಾತ್ರ ಇದು ಅನ್ವಯಿಸುತ್ತದಾ? ನಮ್ಮ ಕ್ರಾಸ್‌ನಲ್ಲಿ ಫಿಟ್ಟರ್, ವೆಲ್ಡರ್, ಹೆಲ್ಪರ್‌ಗಳೇ ಜಾಸ್ತಿ.

ಬಾಯ್ಲರ್ ಮೇಂಟೆನೆನ್ಸ್ (ನಿವೃತ್ತ), 5ನೇ ಕ್ರಾಸ್
ಎಲ್ಲರಿಗೂ ಅನ್ವಯಿಸ್ತದ್ರಿ. ಹಳೇ ಸ್ಥಾವರಗಳೊಳಗ ಆಸ್ಬೆಸ್ಟಾಸ್ ಇದ್ದದ್ದು ಉಗಿ ಪೈಪಿನ ಲ್ಯಾಗಿಂಗಿನೊಳಗ ಒಂದೇ ಅಲ್ಲ. ವಾಲ್ವ್ ಗ್ಲ್ಯಾಂಡಿನ ಹಗ್ಗ, ಮ್ಯಾನ್‌ಹೋಲ್ ಬಾಗಿಲಿನ ಹಗ್ಗ, ಫ್ಲ್ಯಾಂಜಿನ ಸಿಎಎಫ್ (ಒತ್ತಿ ಮಾಡಿದ ಆಸ್ಬೆಸ್ಟಾಸ್) ಗ್ಯಾಸ್ಕೆಟ್, ಟರ್ಬೈನ್ ಕೇಸಿಂಗಿನ ಹೊದಿಕೆ, ಡಕ್ಟ್ ಬೆಲ್ಲೋಸಿನ ಬಟ್ಟೆ, ವೆಲ್ಡಿಂಗ್ ಕಂಬಳಿ, ಕ್ರೇನ್ ಬ್ರೇಕ್ ಲೈನರ್, ಹಳೇ ಬ್ರೇಕರಿನ ಆರ್ಕ್ ಚ್ಯೂಟ್. ಹೊಸಾ ಹಗ್ಗ ಕಟ್ಟುವಾಗ ಏಳೋ ಧೂಳು ಕಡಿಮಿ. ಶಾಖಕ್ಕೆ ಹುಡಿಯಾದ ಹಳೇದನ್ನ ಓವರ್‌ಹಾಲ್ (ಎಲ್ಲಾ ಬಿಚ್ಚಿ ರಿಪೇರಿ ಮಾಡೋ) ಹೊತ್ತಿನ್ಯಾಗ ಒಣಗಿದ್ದಂಗೇ ಕೆರೆಯೋದು, ವೈರ್ ಬ್ರಷ್ ಹಚ್ಚೋದು, ಆಮ್ಯಾಲೆ ಕಂಪ್ರೆಸ್ಡ್ ಏರ್‌ನಿಂದ ಊದೋದು, ಅದೇ ಖರೇ ಅಪಾಯ. ಕೆಳಗ ನಿಂತು ಕಸ ಬಳಿದ ಹೆಲ್ಪರ್‌ಗೂ ಅಷ್ಟೇ ಧೂಳು. ಮನ್ಯಾಗ ಆ ಬಟ್ಟೆ ಝಾಡಿಸಿ ಒಗೆದವರೂ ತಪಾಸಣೆ ಮಾಡಿಸಬೇಕು.

ಅದಕ್ಕೇ ಕೆಲಸದ ಚರಿತ್ರೆ ಬರೆಯುವಾಗ "ಫಿಟ್ಟರ್, 22 ವರ್ಷ" ಅಂತ ಒಂದೇ ಸಾಲು ಬರೀಬ್ಯಾಡ್ರಿ. ಯಾವ ಯುನಿಟ್, ಯಾವ ವರ್ಷದ ಓವರ್‌ಹಾಲ್, ಎಷ್ಟು ದಿನ, ಯಾವ ಸಾಮಾನು ಕಿತ್ತಿದ್ದು, ಜೊತೆಗೆ ಯಾರಿದ್ದರು, ಮಾಸ್ಕ್ ಕೊಟ್ಟಿದ್ದರೋ ಇಲ್ಲೋ, ಎಲ್ಲಾ ಬರೀರಿ. ಡಾಕ್ಟರಿಗೂ ವಕೀಲರಿಗೂ ಇದೇ ಕಾಗದ ಮೊದಲು ಬೇಕಾಗೋದು.

ಎದೆರೋಗ ವೈದ್ಯೆ, ಮುಖ್ಯರಸ್ತೆ
ಆ ಚರಿತ್ರೆಯ ಪ್ರತಿಯನ್ನು ಆಸ್ಪತ್ರೆಗೆ ತನ್ನಿ, ಕೇಸ್ ಶೀಟಿನಲ್ಲಿ ಬರೆಯಿಸಿ. ಆಸ್ಬೆಸ್ಟೋಸಿಸ್, ಅಂದರೆ ಈ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ, ಸಾಮಾನ್ಯವಾಗಿ ಧೂಳು ಕುಡಿದ ಹತ್ತಿಪ್ಪತ್ತು ವರ್ಷದ ಮೇಲೆ ಕಾಣಿಸುತ್ತದೆ. ಮೆಸೊಥೆಲಿಯೋಮಾ ಎಂಬ ಶ್ವಾಸಕೋಶದ ಹೊರಪದರದ ಕ್ಯಾನ್ಸರ್ ಮೂವತ್ತು ನಲವತ್ತು ವರ್ಷ ಬಿಟ್ಟೂ ಬರಬಹುದು. ರೋಗಿಯೇ ಹೇಳದಿದ್ದರೆ ಹಳೇ ಕೆಲಸವನ್ನು ಯಾರೂ ಕೇಳುವುದಿಲ್ಲ.

ಬರಿಯ ಎಕ್ಸ್-ರೇ ಸಾಲದು, ಆರಂಭದ ರೋಗ ಅದರಲ್ಲಿ ತಪ್ಪಿಹೋಗುತ್ತದೆ. ಎಚ್‌ಆರ್‌ಸಿಟಿ (ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿ, ಅಂಗಾತ ಮಾತ್ರವಲ್ಲ, ಬೋರಲು ಮಲಗಿಸಿಯೂ ಚಿತ್ರ ತೆಗೆಯಲು ಕೇಳಿ. ಅಂಗಾತ ಮಲಗಿದಾಗ ಶ್ವಾಸಕೋಶದ ಹಿಂಭಾಗ ತನ್ನ ಭಾರಕ್ಕೇ ಮಬ್ಬಾಗಿ ಕಾಣುತ್ತದೆ, ಅದನ್ನೇ ರೋಗ ಅಂದುಕೊಳ್ಳುವ ಅಥವಾ ರೋಗವನ್ನೇ ಅಲ್ಲಗಳೆಯುವ ಅಪಾಯವಿದೆ. ಜೊತೆಗೆ ಸ್ಪೈರೋಮೆಟ್ರಿ (ಊದುವ ಪರೀಕ್ಷೆ) ಮತ್ತು ಡಿಎಲ್‌ಸಿಒ (ಅನಿಲ ರಕ್ತಕ್ಕೆ ದಾಟುವುದನ್ನು ಅಳೆಯುವ ಪರೀಕ್ಷೆ) ಬೇಕು. ಆಸ್ಬೆಸ್ಟೋಸಿಸ್‌ನಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಊದಿದ ಗಾಳಿಯ ಪ್ರಮಾಣ) ಕುಗ್ಗುತ್ತದೆ, ಅನಿಲ ರಕ್ತಕ್ಕೆ ದಾಟುವ ಪ್ರಮಾಣವೂ ಇಳಿಯುತ್ತದೆ. ಪ್ಲೂರಲ್ ಪ್ಲಾಕ್ (ಶ್ವಾಸಕೋಶದ ಹೊರಪದರದ ಗಟ್ಟಿ ಕಲೆ) ಕಂಡರೆ ಅದು ಧೂಳಿಗೆ ಒಡ್ಡಿಕೊಂಡದ್ದಕ್ಕೆ ಒಳ್ಳೆಯ ಸಾಕ್ಷಿ. ಪ್ಲಾಕ್ ಒಂದರಿಂದಲೇ ಅಂಗವೈಕಲ್ಯ ಸಾಬೀತಾಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಕಫ ಪರೀಕ್ಷೆಯಲ್ಲಿ ಏನೂ ಸಿಗದೆಯೂ, ಈ ರೋಗವನ್ನೇ ಟಿಬಿ ಅಂದುಕೊಂಡು ಟಿಬಿ ಗುಳಿಗೆ ತಿಂದವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಹಳೇ ಟಿಬಿ ಕಾರ್ಡ್, ಕಫದ ವರದಿ ಬಿಸಾಡಬೇಡಿ. ಬೀಡಿ ಸೇದುವವರು ಇವತ್ತೇ ಬಿಡಿ: ಆಸ್ಬೆಸ್ಟಾಸ್ ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಎರಡನೇ ಅಭಿಪ್ರಾಯಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನ ದೇವನಹಳ್ಳಿ ಕಡೆ ಇದೆ.

3ನೇ ಕ್ರಾಸ್ ನಿವಾಸಿ
ನೂರು ಜನ ಸಹಿ ಹಾಕಿ ಜಿಲ್ಲಾಧಿಕಾರಿಗೆ ಒಂದೇ ಮನವಿ ಕೊಟ್ಟರೆ ಬೇಗ ಆಗುವುದಿಲ್ಲವೇ?

ವಕೀಲರು, 1ನೇ ಕ್ರಾಸ್
ಚೀಲ ತೆಗೆಸಲು ಆ ಮನವಿ ಸಾಕು ಸರ್. ಪರಿಹಾರಕ್ಕೆ ಸಾಲದು. ಪರಿಹಾರ ಪ್ರತಿಯೊಬ್ಬರ ರೋಗ, ಸಂಬಳ, ವಯಸ್ಸಿನ ಮೇಲೆ ನಿಂತಿದೆ. ಒಬ್ಬೊಬ್ಬರದೂ ಬೇರೆ ಅರ್ಜಿ.

1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಆಸ್ಬೆಸ್ಟೋಸಿಸ್ ಇತ್ತು, ಆಸ್ಬೆಸ್ಟಾಸ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ ಸಹ ಇದ್ದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರಲ್ಲೂ ರೋಗಗಳ ಪಟ್ಟಿ ಮೂರನೇ ಅನುಸೂಚಿಯಲ್ಲೇ ಇದೆ. ರೋಗ ಪತ್ತೆಯಾದದ್ದು ಹಿಂದೆಯೋ ಆಮೇಲೋ ಎಂಬುದು ತಕರಾರಿಗೆ ಬರುತ್ತದೆ, ಹಾಗಾಗಿ ಅರ್ಜಿಯಲ್ಲಿ ಎರಡನ್ನೂ ಉಲ್ಲೇಖಿಸಿ.

ಲೆಕ್ಕ ಹೀಗೆ. ಹಳೇ ಕಾಯ್ದೆಯಡಿ 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 15,000 ರೂಪಾಯಿ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅದರ ಶೇ 60, ಅಂದರೆ 9,000. ಅದನ್ನು ಕಾಯ್ದೆಯ ಪಟ್ಟಿಯಲ್ಲಿರುವ ವಯಸ್ಸಿನ ಗುಣಕದಿಂದ ಗುಣಿಸಬೇಕು. 60 ವಯಸ್ಸಿಗೆ ಗುಣಕ 117.41, ಮೊತ್ತ 10,56,690 ರೂಪಾಯಿ. ಸಾವಿಗೆ ಶೇ 50, ಅದೇ ವಯಸ್ಸಿಗೆ 8,80,575. 65 ದಾಟಿದವರಿಗೆ ಗುಣಕ 99.37. ವೈದ್ಯರು ದುಡಿಮೆಯ ಶಕ್ತಿ ಶೇ 40 ಹೋಗಿದೆ ಎಂದು ಬರೆದರೆ ಪೂರ್ಣ ಮೊತ್ತದ ಶೇ 40. ಬರಿಯ "ಶ್ವಾಸಕೋಶದ ಕಾಯಿಲೆ ಇದೆ" ಎಂಬ ಪ್ರಮಾಣಪತ್ರದಿಂದ ಈ ಲೆಕ್ಕ ಆಗುವುದಿಲ್ಲ, ಶೇಕಡಾ ನಮೂದಿಸಿಯೇ ಇರಬೇಕು. ಬಾಕಿ ಬಿದ್ದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ಸಮರ್ಥನೆ ಇಲ್ಲದ ವಿಳಂಬಕ್ಕೆ ಶೇ 50ರವರೆಗೆ ದಂಡವೂ ಇದೆ.

ಕೇಸು ಸೋಲುವುದು ಹೆಚ್ಚಾಗಿ ಅವಧಿಯ ಮೇಲೆ. ಅರ್ಜಿಗೆ ಅಪಘಾತದ ದಿನದಿಂದ ಎರಡು ವರ್ಷ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಎಣಿಸುತ್ತಾರೆ. ಇಷ್ಟು ನಿಧಾನವಾಗಿ ಬರುವ ರೋಗಕ್ಕೆ ಈ ಗಡುವು ಅನ್ಯಾಯವೇ, ಎದುರು ಪಕ್ಷ ಅದನ್ನೇ ಹಿಡಿಯುತ್ತದೆ. ಆದರೆ ಸಾಕಷ್ಟು ಕಾರಣ ತೋರಿಸಿದರೆ ತಡವಾದ ಅರ್ಜಿಯನ್ನೂ ಪರಿಹಾರದ ಕೇಸು ವಿಚಾರಿಸುವ ಆಯುಕ್ತರು ತೆಗೆದುಕೊಳ್ಳಬಹುದು. ಮುಖ್ಯ ಅರ್ಜಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ, ರೋಗ ಹೆಸರಿಸಿದ ಮೊದಲ ವರದಿ, ಅದಕ್ಕೂ ಮೊದಲು ಬೇರೆ ಕಾಯಿಲೆ ಎಂದ ಚೀಟಿಗಳು ಇರಲಿ. ವರದಿ ಬಂದ ವಾರದಲ್ಲೇ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ರಸೀದಿ ಮತ್ತು ತಲುಪಿದ ಪುರಾವೆ ಜೋಪಾನ.

7ನೇ ಕ್ರಾಸ್ ನಿವಾಸಿ
ಗುತ್ತಿಗೆದಾರರು ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ ಸರ್. ಯಾರ ಮೇಲೆ ಹಾಕುವುದು?

ವಕೀಲರು, 1ನೇ ಕ್ರಾಸ್
ಹಳೇ ಕಾಯ್ದೆಯ 12ನೇ ಕಲಂ ಪ್ರಕಾರ ಕೆಲಸ ಕೊಟ್ಟ ಮುಖ್ಯ ಮಾಲೀಕರೇ ಹೊಣೆ. ಗುತ್ತಿಗೆದಾರರಿಂದ ವಸೂಲಿ ಮಾಡುವುದು ಅವರ ತಲೆನೋವು. ನೋಟಿಸ್ ಇಬ್ಬರಿಗೂ ಕಳಿಸಿ. ಹಲವು ಗುತ್ತಿಗೆದಾರರ ಕೈಕೆಳಗೆ ದುಡಿದಿದ್ದರೆ ಎಲ್ಲರನ್ನೂ ಹೆಸರಿಸಿ. ಮಸ್ಟರ್ ರೋಲ್ (ಹಾಜರಿ ಪಟ್ಟಿ) ಸಿಗದಿದ್ದರೆ ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಗೇಟ್ ಪಾಸ್, ಬ್ಯಾಂಕ್ ಪುಸ್ತಕ, ಜೊತೆಗಾರರ ಅಫಿಡವಿಟ್ ನಡೆಯುತ್ತವೆ. ಇಎಸ್‌ಐ ವಿಮೆಯೊಳಗಿದ್ದವರು ಮಾತ್ರ ಇಎಸ್‌ಐಗೇ ಹೋಗಬೇಕು, ಅವರಿಗೆ ಈ ದಾರಿ ಮುಚ್ಚಿದೆ.

ಛಾಪಾ ಕಾಗದದ ಮೇಲೆ "ಇಷ್ಟು ಹಣ ತೆಗೆದುಕೊಂಡೆ, ಮುಂದೆ ತಕರಾರಿಲ್ಲ" ಎಂದು ಯಾರೂ ಸಹಿ ಮಾಡಬೇಡಿ. ಗೆದ್ದ ಹಣದಲ್ಲಿ ಪಾಲು ಕೇಳುವ ವಕೀಲರಿಂದ ದೂರವಿರಿ, ವಕೀಲರ ಪರಿಷತ್ತಿನ ನಿಯಮದಲ್ಲೇ ಅದು ನಿಷಿದ್ಧ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಗುಂಪಾಗಿ ಕೇಳಬೇಕಾದ್ದು ಬೇರೆ ಇದೆ: ನಿವೃತ್ತರಿಗೂ ಗುತ್ತಿಗೆಯವರಿಗೂ ನಿಯಮಿತ ತಪಾಸಣೆ. 1995ರ ಜನವರಿ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕನ ಆರೋಗ್ಯದ ಹಕ್ಕು ನಿವೃತ್ತಿಯ ನಂತರವೂ ಇದೆ ಎಂದಿತು. ಆಸ್ಬೆಸ್ಟಾಸ್ ಉದ್ಯಮಗಳು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಆರೋಗ್ಯ ದಾಖಲೆ ಇಡಬೇಕು ಎಂದಿತು. 2014ರ ಜನವರಿ 31ರ ತೀರ್ಪು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಾರ್ಮಿಕರದ್ದೇ; ಈ ವಿಷಯವನ್ನು ಹೈಕೋರ್ಟ್‌ಗಳು ಸ್ವಯಂಪ್ರೇರಿತವಾಗಿ ಪರಿಶೀಲಿಸಲಿ ಎಂದು ಹೇಳಿದೆ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದಾದರೆ ಇವೆರಡೇ ಅಡಿಪಾಯ.

ಅಡ್ಮಿನ್, 2ನೇ ಕ್ರಾಸ್
ಸ್ಥಾವರದ ದಾಖಲೆಗಳಿಗಾಗಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ನಾನು ಬರೆಯುತ್ತೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಎಲ್ಲ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ, "ಯಾಕೆ ಮಾಸ್ಕ್ ಕೊಡಲಿಲ್ಲ" ಎಂದು ಕೇಳಿದರೆ ಉತ್ತರವೇ ಬರುವುದಿಲ್ಲ. ಹಾಗಾಗಿ ದಾಖಲೆಯ ಪ್ರತಿಯನ್ನೇ ಕೇಳುತ್ತೇನೆ: ಆಸ್ಬೆಸ್ಟಾಸ್ ಹಗ್ಗ-ಬಟ್ಟೆ-ಗ್ಯಾಸ್ಕೆಟ್ ಖರೀದಿ ಆದೇಶಗಳಿಗೆ ಒಂದು, ಇನ್ಸುಲೇಷನ್ ತೆಗೆದ ವರ್ಕ್ ಆರ್ಡರ್‌ಗಳಿಗೆ ಒಂದು, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರಕ್ಕೆ ಒಂದು. ತಮ್ಮದೇ ವೈದ್ಯಕೀಯ ತಪಾಸಣೆಯ ದಾಖಲೆಯನ್ನು ಅವರವರೇ ಗುರುತಿನ ಚೀಟಿ ಲಗತ್ತಿಸಿ ಕೇಳಿ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮೊದಲ ಮೇಲ್ಮನವಿ.

4ನೇ ಕ್ರಾಸ್ ನಿವಾಸಿ
ತೀರಿಹೋದವರ ಕುಟುಂಬದವರು ಏನು ಮಾಡಬೇಕು ಮೇಡಂ? ಮರಣೋತ್ತರ ಪರೀಕ್ಷೆ ಆಗಿರುವುದಿಲ್ಲ.

ಎದೆರೋಗ ವೈದ್ಯೆ, ಮುಖ್ಯರಸ್ತೆ
ಬಯಾಪ್ಸಿ ಆಗಿದ್ದರೆ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಮೇಣದ ಬ್ಲಾಕ್ ಮತ್ತು ಸ್ಲೈಡ್ ಇರುತ್ತವೆ, ಕೆಲವು ವರ್ಷದ ಮೇಲೆ ವಿಲೇವಾರಿ ಮಾಡಿಬಿಡುತ್ತಾರೆ. ಬಯಾಪ್ಸಿ ನಂಬರ್ ಹಾಕಿ ಈ ವಾರವೇ ಬರವಣಿಗೆಯಲ್ಲಿ ಕೇಳಿ, ಅದರ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಬಹುದು. ಸಿಟಿ ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿಯನ್ನೂ ಕೇಳಿ.

ವಕೀಲರು, 1ನೇ ಕ್ರಾಸ್
ತೀರಿಹೋದವರ ಕುಟುಂಬದವರು ಅವಲಂಬಿತರಾಗಿ ಅರ್ಜಿ ಹಾಕಬಹುದು. ಮರಣದ ದಿನದಿಂದ ಎರಡು ವರ್ಷ. ಅಂಥ ಮನೆಗಳ ಕಾಗದವನ್ನೇ ನಾನು ಮೊದಲು ನೋಡುತ್ತೇನೆ, ಭಾನುವಾರ ಬೆಳಿಗ್ಗೆ ಮೂಲಪ್ರತಿ ಮತ್ತು ಎರಡು ಜೆರಾಕ್ಸ್ ಹಿಡಿದು ಬನ್ನಿ. ಮೂಲಪ್ರತಿಯನ್ನು ನನಗೂ ಕೊಡಬೇಡಿ, ತೋರಿಸಿದರೆ ಸಾಕು.