ಮಳೆ ದಿನದ ವಿಡಿಯೊ: ಮನೆ ಗುಂಪಿನಲ್ಲಿ ನಡೆದ ವಾದ

ಭಾವ: (ವಿಡಿಯೊ) ನಿನ್ನೆ ಚಿಕ್ಕಮಾವನವರ ಮನೆಯಲ್ಲಿ ತೆಗೆದದ್ದು. ಬೆಳಿಗ್ಗೆಯಿಂದ ಸಂಜೆವರೆಗೂ ಒಂದೇ ಸಮ ಮಳೆ. ಮಾಡೋಕೆ ಏನೂ ಇರಲಿಲ್ಲ. ಕೊನೆಗೆ ಕಾರು ತಗೊಂಡು ಹೊಲಕ್ಕೇ ಇಳಿದೆವು. ಮಕ್ಕಳು ಕೆಸರಲ್ಲಿ ಕುಣಿದದ್ದು ನೋಡಿ!

ತಮ್ಮ: ಸೂಪರ್ ಭಾವ! ನಮ್ಮ ಆಫೀಸ್ ಗುಂಪಿಗೂ ಹಾಕಲಾ?

ಅತ್ತೆ: ಎಷ್ಟು ಖುಷಿಯಾಗಿದ್ದಾವೆ ಮಕ್ಕಳು. ಆಮೇಲೆ ತಲೆ ಒರೆಸಿದಿರಿ ತಾನೇ?

ನಾನು: ತಡಿ, ಎಲ್ಲಿಗೂ ಹಾಕಬೇಡ. ಭಾವ, ಮಕ್ಕಳು ಕುಣಿದದ್ದು ನನಗೂ ಖುಷಿಯೇ. ಆದರೆ ಕಾರು ಹೊಲದೊಳಗೆ ಹೋಗಬಾರದಿತ್ತು. ಚಿಕ್ಕಪ್ಪ ಅದನ್ನು ಉತ್ತು ಬಿತ್ತನೆಗೆ ತಯಾರು ಮಾಡಿಟ್ಟಿದ್ದರು.

ಭಾವ: ಬಿತ್ತನೆ ಇನ್ನೂ ಆಗಿಲ್ಲವಲ್ಲ. ಬರೀ ಮಣ್ಣು. ಒಂದು ಪೈರೂ ಹಾಳಾಗಿಲ್ಲ. ಟ್ರ್ಯಾಕ್ಟರ್ ಓಡಾಡುವ ಜಾಗದಲ್ಲಿ ಕಾರು ಓಡಿದರೆ ಏನಾಯ್ತು? ಟ್ರ್ಯಾಕ್ಟರ್ ಅದಕ್ಕಿಂತ ಭಾರ ಅಲ್ವಾ?

ನಾನು: ಇಂಥ ದಿನ ಟ್ರ್ಯಾಕ್ಟರನ್ನೂ ಇಳಿಸುವುದಿಲ್ಲ. ನಿಮ್ಮ ವಿಡಿಯೊದಲ್ಲೇ ನೋಡಿ, ಅದು ಕೊಟ್ಟಿಗೆ ಪಕ್ಕ ನಿಂತಿದೆ. ಒಳ್ಳೆ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಣ್ಣ ಸಣ್ಣ ಸಂದುಗಳೇ ಇರುತ್ತವೆ. ಗಾಳಿ, ನೀರು ಇರುವುದು ಅಲ್ಲೇ. ಬೇರು ಉಸಿರಾಡುವುದೂ ಅಲ್ಲಿಂದಲೇ. ಒಣಗಿದ ಮಣ್ಣು ಭಾರ ತಡೆದುಕೊಳ್ಳುತ್ತದೆ. ನೆನೆದ ಮಣ್ಣಿನ ಕಣಗಳು ಜಾರಿ, ಒತ್ತೊತ್ತಾಗಿ ಕೂತುಬಿಡುತ್ತವೆ. ಆಮೇಲೆ ನೀರೂ ಇಂಗುವುದಿಲ್ಲ, ಬೇರೂ ಇಳಿಯುವುದಿಲ್ಲ. ವಿಡಿಯೊದಲ್ಲಿ ನೀವು "ಒಂದೇ ಸುತ್ತು" ಅನ್ನುತ್ತೀರಿ. ಚಕ್ರ ಮೊದಲ ಸಲ ಹರಿದಾಗಲೇ ಹಾನಿಯ ದೊಡ್ಡ ಪಾಲು ಆಗಿಹೋಗುತ್ತದೆ ಭಾವ.

ಅಕ್ಕ: ಸಾಕು ಮಾರಾಯ. ಚಿಕ್ಕಪ್ಪ ಅಲ್ಲೇ ಜಗಲಿ ಮೇಲೆ ನಿಂತಿದ್ದರು. ಬೇಡ ಅಂತ ಒಂದು ಮಾತೂ ಹೇಳಲಿಲ್ಲ.

ನಾನು: ಅಕ್ಕ, ಮನೆಗೆ ಬಂದ ಅಳಿಯನಿಗೆ ಚಿಕ್ಕಪ್ಪ ಬೇಡ ಅನ್ನುತ್ತಾರಾ? ನಿನಗೇ ಗೊತ್ತು. ಅವರು ಹೇಳುವವರಲ್ಲ. ಅದಕ್ಕೇ ನಾವು ಕೇಳಬೇಕಿತ್ತು.

ಭಾವ: ಹಾಗಾದರೆ ಮಕ್ಕಳನ್ನು ಒಳಗೆ ಕೂಡಿಹಾಕಿ ಕೈಗೆ ಮೊಬೈಲ್ ಕೊಡಬೇಕಿತ್ತಾ? ಹೊಲ ಅಂದರೆ ಏನು ಅಂತ ಅವರಿಗೆ ಗೊತ್ತಾಗುವುದು ಯಾವಾಗ?

ನಾನು: ನೀವು ಹೇಳಿದ್ದು ಸರಿ. ಮಕ್ಕಳು ನೆನೆಯಲಿ, ಅಂಗಳದಲ್ಲಿ ಬೇಕಾದಷ್ಟು ಕೆಸರಿದೆ. ನನಗೆ ನೋವಾಗಿದ್ದು ಇನ್ನೊಂದು ಮಾತಿಗೆ. "ಮಾಡೋಕೆ ಏನೂ ಇರಲಿಲ್ಲ" ಅಂದಿರಿ. ಕಾರು ತಿರುಗುವಾಗ ಹಿಂದೆ ಯಾರಿದ್ದಾರೆ ನೋಡಿ. ಚಿಕ್ಕಮ್ಮ ತಲೆ ಮೇಲೆ ಗೋಣಿಚೀಲ ಹಾಕಿಕೊಂಡು, ಸಲಿಕೆ ಹಿಡಿದು ಬಸಿಗಾಲುವೆ ಬಿಡಿಸುತ್ತಿದ್ದಾರೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,000 ಲೀಟರ್ ದಾಟುತ್ತದೆ. 25 ಮಿಲಿಮೀಟರ್ ಅಂದರೆ ಒಂದು ಲಕ್ಷ ಲೀಟರ್. ಅಷ್ಟು ನೀರಿಗೆ ದಾರಿ ಬೇಕು. ಪೈರಿನ ಬುಡದಲ್ಲಿ ದಿನಗಟ್ಟಲೆ ನಿಂತರೆ ಬೇರು ಕೊಳೆಯುತ್ತದೆ. ಮಳೆ ದಿನ ಅವರಿಗೆ ರಜೆ ಅಲ್ಲ. ಒಳಗೆ ಕೂತವರಿಗೆ ಅದು ಕಾಣುವುದಿಲ್ಲ, ಅಷ್ಟೇ.

ಚಿಕ್ಕಮ್ಮ: ಅಯ್ಯೋ ಬಿಡೋ. ಅವರೆಲ್ಲ ಬಂದದ್ದೇ ನಮಗೆ ಹಬ್ಬ.

ಚಿಕ್ಕಮ್ಮ: ಹುಲ್ಲಿನ ಮೆದೆ ಮೇಲಿನ ಟಾರ್ಪಾಲ್ ಒಂದು ಕಡೆ ಹಾರಿತ್ತು. ಇನ್ನೊಂದು ಕೈ ಇದ್ದಿದ್ದರೆ ಬೇಗ ಕಟ್ಟಬಹುದಿತ್ತು. ಅಷ್ಟೇ, ಬೇರೇನಿಲ್ಲ.

ಭಾವ: ಚಿಕ್ಕತ್ತೆ, ಕರೆಯಬಾರದಿತ್ತಾ? ಕರೆದಿದ್ದರೆ ಓಡಿ ಬರುತ್ತಿದ್ದೆ. ನಿಜವಾಗಿ.

ನಾನು: ಬರುತ್ತಿದ್ದಿರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಮೆದೆ ಒದ್ದೆಯಾಗಿದೆಯಾ ಚಿಕ್ಕಮ್ಮ? ಒಳಗೆ ಕೈ ಹಾಕಿ ನೋಡಿ. ಒದ್ದೆ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೇ ಕಾವೇರುತ್ತದೆ. ಕೆಲವು ಸಲ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು.

ಚಿಕ್ಕಮ್ಮ: ಮೇಲಿನ ಪದರ ಮಾತ್ರ ನೆನೆದಿದೆ. ತೆಗೆದು ಬೇರೆ ಹರಡಿದ್ದೇವೆ.

ಅತ್ತೆ: ವಿಡಿಯೊ ಇನ್ನೊಮ್ಮೆ ನೋಡಿದೆ. ಮಕ್ಕಳು ಒಂಟಿ ಮರದ ಕೆಳಗೆ ನಿಂತಾಗ ಗುಡುಗು ಕೇಳಿಸಿತಲ್ಲ? ನನಗೆ ಎದೆ ಝಲ್ ಅಂತು.

ಭಾವ: ಅದು ದೂರದ ಗುಡುಗು ಅತ್ತೆ. ಆಗ ಮಳೆಯೂ ಹನಿ ಹನಿ ಅಷ್ಟೇ ಇತ್ತು. ಪಕ್ಕದಲ್ಲೇ ಕಾರಿತ್ತು. ಕಾರಿನೊಳಗೆ ಸಿಡಿಲಿನ ಭಯ ಇಲ್ಲ ಅಲ್ವಾ?

ನಾನು: ಕಿಟಕಿ ಮುಚ್ಚಿದ, ಲೋಹದ ಚಾವಣಿಯ ಕಾರು ಒಳ್ಳೆಯ ಆಸರೆಯೇ. ಆದರೆ ಮಕ್ಕಳು ಹೊರಗಿದ್ದರು. ಮಳೆ ಸುರಿಯುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಬಡಿಯಬಹುದು. ಗುಡುಗು ಕೇಳಿಸಿತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದ್ದೇವೆ ಅಂತಲೇ ತಿಳಿಯಬೇಕು. ಬಯಲಿನಲ್ಲಿ ಒಂಟಿ ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ. ಕೊನೆಯ ಗುಡುಗಾಗಿ 30 ನಿಮಿಷ ಮಕ್ಕಳು ಒಳಗೇ ಇರಲಿ. ಕಾರಿನ ವಿಷಯ ನೀವು ಒಪ್ಪದಿದ್ದರೂ ಪರವಾಗಿಲ್ಲ ಭಾವ. ಇದನ್ನು ಮಾತ್ರ ಒಪ್ಪಲೇಬೇಕು.

ಅಕ್ಕ: ಇದು ನನಗೂ ಹೊಳೆಯಲಿಲ್ಲ. ಮುಂದಿನ ಸಲ ಗುಡುಗಿದರೆ ಹೊರಗೆ ಬಿಡುವುದಿಲ್ಲ.

ಚಿಕ್ಕಪ್ಪ: ಕರೆಂಟ್ ಇರಲಿಲ್ಲ, ಈಗ ನೋಡಿದೆ. ಜಗಳ ಬೇಡ. ಅಳಿಯಂದಿರೇ, ಬೇಡ ಅಂತ ನಾನೇ ಹೇಳಬೇಕಿತ್ತು. ಸಂಕೋಚ ಆಯ್ತು. ಇವತ್ತು ಹೋಗಿ ನೋಡಿದೆ. ಚಕ್ರದ ಜಾಡಿನಲ್ಲಿ ನೀರು ಹಾಗೇ ನಿಂತಿದೆ. ಮಿಕ್ಕ ಕಡೆ ಇಂಗಿದೆ.

ಭಾವ: ಮಾವ, ಭಾನುವಾರ ಬಂದು ನಾನೇ ಅಗೆದು ಸರಿ ಮಾಡುತ್ತೇನೆ.

ಚಿಕ್ಕಪ್ಪ: ಈ ಭಾನುವಾರ ಬೇಡ. ಹಸಿ ಇರುವಾಗ ಅಗೆದರೆ ಹೆಂಟೆ ಏಳುತ್ತದೆ, ಇನ್ನೂ ಕೆಡುತ್ತದೆ. ಒಂದು ಹಿಡಿ ಮಣ್ಣು ತಗೊಂಡು ಅಮುಕಿ ನೋಡಬೇಕು. ಉಂಡೆ ಹಾಗೇ ನಿಂತರೆ ಕಾಯಬೇಕು. ಬೆರಳು ತಾಗಿಸಿದ ಕೂಡಲೇ ಉದುರಿದರೆ ಹದ ಬಂತು ಅಂತ. ಆಗ ಫೋನ್ ಮಾಡುತ್ತೇನೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ.

ತಮ್ಮ: ನಾನೂ ಬರುತ್ತೇನೆ ಚಿಕ್ಕಪ್ಪ. ವಿಡಿಯೊ ಏನು ಮಾಡಲಿ?

ಭಾವ: ಕಾರಿನ ಭಾಗ ತೆಗೆದು ಹಾಕು. ಒಂದೇ ಸುತ್ತಿಗೆ ಇಷ್ಟೊಂದು ಹಾನಿಯಾಗುತ್ತದೆ ಅಂತ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಅಲ್ಲಿಗೆ ಹೋದಾಗ ಆ ಜಾಡನ್ನು ನಾನೇ ಕೆದಕಿ ನೋಡುತ್ತೇನೆ.

ನಾನು: ಮರದ ಕೆಳಗಿನ ಭಾಗವನ್ನೂ ತೆಗಿ. ಮಕ್ಕಳ ಕುಣಿತ ಮಾತ್ರ ಇರಲಿ.