ಅಪ್‌ಡೇಟ್: ವಿಮ್ ಟೆಕ್ಸ್ಟ್ ಎಡಿಟರ್‌ನಲ್ಲಿ ಒಂದೇ ಹೆಸರನ್ನು ಬೇಕಾದ ಕಡೆ ಮಾತ್ರ ಬದಲಿಸೋದು

ಹೋದ ವಾರ ಕೇಳಿದ್ದೆನಲ್ಲ, ಒಂದೇ ವೇರಿಯಬಲ್ ಹೆಸರು ಕೋಡ್ ಫೈಲ್‌ನಲ್ಲಿ 30 ಕಡೆ ಇದೆ, ಕೆಲವನ್ನು ಮಾತ್ರ ಬದಲಿಸಬೇಕು, ಮ್ಯಾಕ್ರೋ (ರೆಕಾರ್ಡ್ ಮಾಡಿಟ್ಟು ಮತ್ತೆ ಓಡಿಸೋ ಕೀಗಳ ಸರಣಿ) ಇಲ್ಲದೆ ಆಗುತ್ತಾ ಅಂತ? ಆಗುತ್ತೆ. ನೀವು ಹೇಳಿದ ಸಿ-ಜಿ-ಎನ್ (c, g, n ಕೀಗಳನ್ನು ಸಾಲಾಗಿ ಒತ್ತೋದು, ಹುಡುಕಿದ ಪದ ಮುಂದೆ ಸಿಕ್ಕ ಕಡೆ ಬದಲಿಸೋಕೆ) ಕೆಲಸ ಮಾಡಿತು.

ಪದದ ಮೇಲೆ ಕರ್ಸರ್ ಇಟ್ಟು ನಕ್ಷತ್ರದ ಕೀ (*, ಆ ಪದವನ್ನು ಹುಡುಕುತ್ತೆ) ಒತ್ತಿದೆ, ಆಮೇಲೆ ಸಿ-ಜಿ-ಎನ್, ಹೊಸ ಹೆಸರು, ಎಸ್ಕೇಪ್. ಅಷ್ಟೇ. ಆಮೇಲೆ ಪ್ರತಿ ಸಲ ಚುಕ್ಕಿ ಒತ್ತಿದರೆ ಮುಂದಿನದನ್ನು ತಾನೇ ಹುಡುಕಿ ಬದಲಿಸುತ್ತೆ.

ಆದರೆ ಎರಡು ಕಡೆ ಎಡವಿದೆ. ನಕ್ಷತ್ರ ಒತ್ತಿದ ತಕ್ಷಣ ಕರ್ಸರ್ ಮುಂದಿನ ಪದಕ್ಕೆ ಹಾರುತ್ತೆ, ಹಾಗಾಗಿ ಮೊದಲನೆಯದೇ ಹಳೇ ಹೆಸರಲ್ಲಿ ಉಳಿದುಬಿಟ್ಟಿತ್ತು. ಸಿ-ಜಿ-ಎನ್‌ಗೆ ಮುಂಚೆ ಶಿಫ್ಟ್-ಎನ್ ಒತ್ತಿ ಹಿಂದೆ ಬಂದರೆ ಸರಿಹೋಗುತ್ತೆ. ಇನ್ನೊಂದು, ಖುಷಿಯಲ್ಲಿ ಟಕಟಕ ಅಂತ ಚುಕ್ಕಿ ಒತ್ತಿ ಕೋಡ್‌ನಲ್ಲಿ ಮುಟ್ಟಬಾರದ ಒಂದು ಟಿಪ್ಪಣಿಯನ್ನೂ (ಕಾಮೆಂಟ್) ಬದಲಿಸಿಬಿಟ್ಟೆ (ಯು ಒತ್ತಿ ವಾಪಸ್ ತಂದೆ, ಬಿಡಿ). ಈಗ ಎನ್ ಒತ್ತಿ ಮುಂದಿನದಕ್ಕೆ ಹೋಗಿ ನೋಡ್ತೀನಿ, ಬೇಕಿದ್ರೆ ಚುಕ್ಕಿ, ಬೇಡ ಅಂದ್ರೆ ಮತ್ತೆ ಎನ್.

ಮ್ಯಾಕ್ರೋನೇ ಬೆಸ್ಟ್ ಅಂದವರಿಗೆ: ಇಷ್ಟು ಚಿಕ್ಕ ಕೆಲಸಕ್ಕೆ ಅದು ಸುಮ್ನೆ ಜಾಸ್ತಿ ಆಯ್ತು, ಅಲ್ವಾ?